ಇನ್ನೊಬ್ಬರ ಯಾಟ್‌ನಲ್ಲಿ ಎರಡು ತಿಂಗಳು: ನಮ್ಮ ಪಾಲು ಎಷ್ಟು?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ನಮಸ್ಕಾರ ಸರ್. ಬ್ರಿಟನ್ನಿನ ನಿವೃತ್ತರೊಬ್ಬರು ಗ್ರೀಸ್‌ನಲ್ಲಿ ಹಾಯಿ ಕಟ್ಟಿದ ಯಾಟ್ ಇಟ್ಟಿದ್ದಾರೆ. ಅದು 12 ಮೀಟರ್ ಉದ್ದ, ಬ್ರಿಟಿಷ್ ನೋಂದಣಿ. ಜುಲೈ, ಆಗಸ್ಟ್ ಜೊತೆಗೇ ಇರಿ, ಖರ್ಚು ಹಂಚಿಕೊಳ್ಳೋಣ ಅಂತ ನನ್ನನ್ನೂ ಗೆಳೆಯನನ್ನೂ ಕರೆದಿದ್ದಾರೆ. ತಲೆಗೆ ದಿನಕ್ಕೆ 60 ಯೂರೊ. ಒಂದು ತಿಂಗಳ ದುಡ್ಡು ಮೊದಲೇ ಕಳಿಸಬೇಕಂತೆ. ನಾವು ಕಂಡ ದೊಡ್ಡ ನೀರು ಅಂದರೆ ಸೂಳೆಕೆರೆ. ಇದು ಸರಿಯಾದ ರೇಟಾ?

ಉತ್ತರ (ಹಡಗಿನ ಎಂಜಿನಿಯರ್, ಈಗ ಯಾಟ್ ರಿಪೇರಿ ಕೆಲಸ): ರೇಟಿನ ಮಾತು ಆಮೇಲೆ. ತಲೆಗೆ ದಿನಕ್ಕೆ ಇಷ್ಟು ಅಂತ ಕಟ್ಟಿಬಿಟ್ಟರೆ ಅದು ಹಂಚಿಕೆಯೋ ಬಾಡಿಗೆಯೋ ಅನ್ನೋ ಅನುಮಾನ ಅಲ್ಲೇ ಶುರು. ಬ್ರಿಟಿಷ್ ನಿಯಮದ ಪ್ರಕಾರ ಖಾಸಗಿ ಯಾಟ್‌ನ ಮಾಲೀಕರು ಜೊತೆಗಿರುವವರಿಂದ ಆ ಪ್ರಯಾಣದ ನೇರ ಖರ್ಚಿನ ಪಾಲನ್ನು ಮಾತ್ರ ತೆಗೆದುಕೊಳ್ಳಬಹುದು. ಅದಕ್ಕಿಂತ ಜಾಸ್ತಿ ತೆಗೆದುಕೊಂಡರೆ ಅದು ವ್ಯಾಪಾರ. ಗ್ರೀಸ್‌ನಲ್ಲಿ ಅದಕ್ಕೆ ಬೇರೆ ಪರವಾನಗಿ ಬೇಕು. ಖಾಸಗಿ ಬಳಕೆಗೆಂದು ಮಾಡಿಸಿದ ವಿಮೆ ಆಗ ಕೈಕೊಡಬಹುದು. ಏಟು ಬಿದ್ದರೆ ಆಸ್ಪತ್ರೆ ಬಿಲ್ ನಿಮ್ಮ ತಲೆಗೇ ಬರುತ್ತದೆ.

ನೇರ ಖರ್ಚು ಅಂದರೆ ಊಟ, ಡೀಸೆಲ್, ಅಡುಗೆ ಗ್ಯಾಸ್, ಕುಡಿಯುವ ನೀರು, ಬಂದರಿನಲ್ಲಿ ಕಟ್ಟಿ ನಿಲ್ಲಿಸಿದ ರಾತ್ರಿಗಳ ಶುಲ್ಕ. ಯಾಟ್‌ನ ವಿಮೆ, ತಳಕ್ಕೆ ಬಳಿಯುವ ಬಣ್ಣ, ಹರಿದ ಹಾಯಿ, ಚಳಿಗಾಲದಲ್ಲಿ ದಡಕ್ಕೆ ಎಳೆದಿಡುವ ಬಾಡಿಗೆ, ಇವೆಲ್ಲ ಮಾಲೀಕರದ್ದು. ನೀವು ಹೋಗದಿದ್ದರೂ ಅವರಿಗೆ ಅದು ತಪ್ಪುತ್ತಿರಲಿಲ್ಲ, ಅಲ್ವಾ?

ಈಗ ಲೆಕ್ಕ ನೋಡಿ. ಆ ಅಳತೆಯ ಯಾಟ್‌ನ ಎಂಜಿನ್ ಗಂಟೆಗೆ ಸುಮಾರು 3ರಿಂದ 4 ಲೀಟರ್ ಡೀಸೆಲ್ ಕುಡಿಯುತ್ತದೆ. ದಿನಕ್ಕೆ ಎರಡು ಗಂಟೆ ಓಡಿಸಿದರೂ ಆರರಿಂದ ಎಂಟು ಲೀಟರ್. ಉಳಿದ ಹೊತ್ತು ಗಾಳಿಯೇ ಎಳೆಯುತ್ತದೆ. ಖಾಲಿ ಕೊಲ್ಲಿಯಲ್ಲಿ ಲಂಗರು ಹಾಕಿ ಮಲಗಿದರೆ ಸಾಮಾನ್ಯವಾಗಿ ಶುಲ್ಕವೂ ಇಲ್ಲ. ಮೂವರ ಊಟ ಸೇರಿಸಿದರೂ ನಿಮ್ಮಿಬ್ಬರ 120 ಯೂರೊ ದಿನಾ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಇನ್ನೊಂದು, ಮಾಲೀಕರೂ ಊಟ ಮಾಡುತ್ತಾರೆ. ಪಾಲು ಮೂರು ಆಗಬೇಕು, ಎರಡಲ್ಲ. ಇದನ್ನು ಕೇಳೋಕೆ ನಮ್ಮವರಿಗೆ ಸಂಕೋಚ. ಸುಮ್ನೆ ಕೇಳಿ.

ಸರಿಯಾದ ಯಾಟ್‌ಗಳಲ್ಲಿ ಜಿಪ್ ಇರುವ ಒಂದು ಚೀಲ ಇರುತ್ತದೆ. ವಾರಕ್ಕೊಮ್ಮೆ ಮೂವರೂ ಸಮ ದುಡ್ಡು ಹಾಕುತ್ತಾರೆ. ಅಂಗಡಿ ಚೀಟಿ, ಡೀಸೆಲ್ ಚೀಟಿ ಎಲ್ಲಾ ಅದರೊಳಗೇ. ಹೊರಡುವ ದಿನ ಟ್ಯಾಂಕ್ ತುಂಬಿಸಿ, ಎಂಜಿನ್ ಗಂಟೆಯ ಮೀಟರ್ ಫೋಟೊ ತೆಗೆದುಕೊಳ್ಳಿ. ಇಳಿಯುವ ದಿನ ಮತ್ತೆ ತುಂಬಿಸಿ. ಕಾಲೇಜು ಹುಡುಗರು ರೂಮ್ ಮಾಡಿಕೊಂಡು ಸಿಲಿಂಡರ್ ದುಡ್ಡು ಹಂಚಿಕೊಂಡ ಹಾಗೆಯೇ ಇದೂ. ಮುಂಗಡ ಕಳಿಸಲೇಬೇಡಿ. ಯಾಟ್ ಕಣ್ಣಾರೆ ನೋಡಿ, ಆಮೇಲೆ ಅಲ್ಲೇ ಕೊಡಿ.

ಚಿತ್ರದುರ್ಗದಿಂದ ಒಬ್ಬರು: ನಡುವೆ ಏನಾದರೂ ಮುರಿದರೆ ಯಾರು ಕೊಡಬೇಕು ಸರ್? ಗಾಳಿ ಜಾಸ್ತಿಯಾಗಿ ಹೊರಡೋಕೇ ಆಗದಿದ್ದರೆ?

ಉತ್ತರ: ಸವೆದು ಮುರಿದದ್ದು ಮಾಲೀಕರಿಗೆ. ನಿಮ್ಮ ಅಜಾಗರೂಕತೆಯಿಂದ ಮುರಿದದ್ದಕ್ಕೆ ಎಷ್ಟರವರೆಗೆ ಕೊಡುತ್ತೀರಿ ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಗಾಳಿಯ ಪ್ರಶ್ನೆ ಒಳ್ಳೆಯದು. ಗ್ರೀಸ್, ಟರ್ಕಿ ನಡುವಿನ ಏಜಿಯನ್ ಸಮುದ್ರದಲ್ಲಿ ಜುಲೈ, ಆಗಸ್ಟ್ ಅಂದರೆ ಮೆಲ್ಟೆಮಿ ಅನ್ನುವ ಜೋರು ಗಾಳಿಯ ಕಾಲ. ಉತ್ತರದಿಂದ ಬೀಸಲು ಹಿಡಿದರೆ ದಿನಗಟ್ಟಲೆ ಬಂದರಿನಲ್ಲೇ ಕೂರಬೇಕಾಗಬಹುದು. ಡೀಸೆಲ್ ಉಳಿಯುತ್ತದೆ, ಬಂದರು ಶುಲ್ಕ ಏರುತ್ತದೆ. ಅದನ್ನೂ ಮೂವರೂ ಹಂಚಿಕೊಳ್ಳಬೇಕು. ಎದ್ದು ಬರೋಣ ಅನ್ನಿಸಿದರೆ ಬರಲು ವಾಪಸ್ ಟಿಕೆಟ್ ದುಡ್ಡು ನಿಮ್ಮ ಖಾತೆಯಲ್ಲೇ ಇರಲಿ, ಆ ಚೀಲದಲ್ಲಿ ಬೇಡ. ಪಾಸ್‌ಪೋರ್ಟ್ ಕೂಡ ನಿಮ್ಮ ಹತ್ತಿರವೇ.

ವಿದ್ಯಾನಗರ: ಅವರು ಟರ್ಕಿಗೂ ಹೋಗಿ ಬರೋಣ ಅಂತಾರೆ. ವೀಸಾ?

ಉತ್ತರ: ಗ್ರೀಸ್ ಇರುವುದು ಷೆಂಗೆನ್‌ನಲ್ಲಿ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನಲ್ಲಿ. ಟರ್ಕಿ ಅದರಲ್ಲಿ ಇಲ್ಲ, ಅದಕ್ಕೆ ಬೇರೆ ವೀಸಾ. ನಿಮ್ಮ ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾದರೆ ಟರ್ಕಿಯಿಂದ ಗ್ರೀಸ್‌ಗೆ ಮರಳಿ ಇಳಿಯುವ ಹಾಗಿಲ್ಲ. ಹಲವು ಪ್ರವೇಶದ್ದೇ ಕೇಳಿ. ಯಾವುದೇ 180 ದಿನಗಳಲ್ಲಿ 90 ದಿನ ಅನ್ನುವ ಮಿತಿ ಯಾಟ್‌ನಲ್ಲಿ ಮಲಗಿದವರಿಗೂ ಅನ್ವಯಿಸುತ್ತದೆ. ಜೊತೆಗೆ ಸಿಬ್ಬಂದಿ ಪಟ್ಟಿಯಲ್ಲಿ ನಿಮ್ಮ ಹೆಸರು ಇರಬೇಕು, ಇಳಿಯುವಾಗ ತೆಗೆಸಬೇಕು.

ಹತ್ತುವ ಮೊದಲು ನೋಂದಣಿ ಪತ್ರ, ವಿಮೆ ಪತ್ರ ಕೇಳಿ ನೋಡಿ. ತಲೆಗೊಂದು ಲೈಫ್ ಜಾಕೆಟ್ ಇದೆಯಾ ಎಣಿಸಿ. ಗಾಳಿ ತುಂಬುವ ಲೈಫ್ ರಾಫ್ಟ್ (ಜೀವ ಉಳಿಸುವ ತೆಪ್ಪ) ಮೇಲೆ ಸರ್ವಿಸ್ ದಿನಾಂಕ ಅಂಟಿಸಿರುತ್ತಾರೆ, ಅದನ್ನು ಓದಿ. ಬೇಸರ ಮಾಡಿಕೊಳ್ಳುವ ಮಾಲೀಕರ ಯಾಟ್ ನಮಗೆ ಬೇಡ.

ವಿದ್ಯಾನಗರ: ಅಡುಗೆ ಪೂರ್ತಿ ನಾನೇ ಮಾಡ್ತೀನಿ ಅಂದರೆ ಪಾಲು ಕಡಿಮೆ ಮಾಡಿಸಬಹುದಾ?

ಉತ್ತರ: ಬೇಡ ತಮ್ಮಾ. ದುಡ್ಡಿನ ಬದಲು ದುಡಿಮೆ ಅಂದರೆ ಕೂಲಿಗೆ ಹೋದ ಹಾಗೆ ಕಾಣುತ್ತದೆ, ನಿನ್ನದು ಪ್ರವಾಸಿ ವೀಸಾ. ಅಡುಗೆ, ಪಾತ್ರೆ, ರಾತ್ರಿ ಕಾವಲು ಎಲ್ಲಾ ಸರದಿಯಲ್ಲಿ ಮಾಡಿ, ಪಾಲು ಸಮ ಇರಲಿ. ಯಾಟ್ ವಾಲಿದರೂ ಒಲೆ ತೂಗಿಕೊಂಡು ನೆಟ್ಟಗೆ ನಿಲ್ಲುತ್ತದೆ, ಅನ್ನ ಸಾರಿಗೆ ತೊಂದರೆ ಇಲ್ಲ. ಬೆಣ್ಣೆ ದೋಸೆ ಹುಯ್ಯುವುದಾದರೆ ಮಾತ್ರ ಲಂಗರು ಹಾಕಿದ ಮೇಲೆ.