ಮಂಡ್ಯದಲ್ಲಿ ಸರ್ವೆ: 'ಸರ್ಕಾರದ ಮೇಲೆ ನಂಬಿಕೆ' ಅಳೆಯುವುದು ಹೇಗೆ?

ಗಂಗೋತ್ರಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿ ರಾಜ್ಯಶಾಸ್ತ್ರ ಎಂಎ ಓದುತ್ತಿದ್ದೇನೆ. ವಿಧಾನಸಭೆ, ಜಿಲ್ಲಾ ಪಂಚಾಯಿತಿ, ಪೊಲೀಸ್, ಕೋರ್ಟು, ಇವುಗಳ ಮೇಲೆ ಮಂಡ್ಯ ಜಿಲ್ಲೆಯ ಜನರಿಗೆ ಎಷ್ಟು ನಂಬಿಕೆ ಇದೆ ಅನ್ನೋದು ಪ್ರಾಜೆಕ್ಟ್. ಮೊನ್ನೆ ಮದ್ದೂರು ಹತ್ತಿರದ ಒಂದು ಊರಿಗೆ ಹೋಗಿದ್ದೆ. 'ಸರ್ಕಾರದ ಮೇಲೆ ನಂಬಿಕೆ ಇದೆಯಾ' ಅಂತ ಕೇಳಿದರೆ ಒಬ್ಬರು ನಾಲೆಗೆ ನೀರು ಬಿಟ್ಟಿಲ್ಲ ಅಂದರು, ಇನ್ನೊಬ್ಬರು ನಮ್ಮ ಪಕ್ಷ ಅಧಿಕಾರದಲ್ಲಿ ಇಲ್ವಲ್ಲಮ್ಮ ಅಂದರು. ಇದನ್ನು ಹೇಗೆ ಬರೆದುಕೊಳ್ಳಲಿ? 400 ಜನ ಸಾಕಾ?

ಪಾಂಡವಪುರದವನು:
ಎಲ್ಲಿ ನಿಂತು ಕೇಳಿದ್ರಿ ಅನ್ನೋದು ಮೊದಲು ಮುಖ್ಯ. ಅರಳಿಕಟ್ಟೆ, ಟೀ ಅಂಗಡಿಯಲ್ಲಿ ಕೇಳಿದರೆ ಬರೀ ಗಂಡಸರ ಮಾತು ಸಿಗುತ್ತದೆ, ಅದೂ ಜೋರಾಗಿ ಮಾತಾಡುವವರದ್ದು. ಮತಗಟ್ಟೆಯ ಮತದಾರರ ಪಟ್ಟಿ ತಗೊಳ್ಳಿ, ಚೀಟಿ ಎತ್ತಿ ಒಂದು ಹೆಸರು ಆರಿಸಿ, ಅಲ್ಲಿಂದ ಪ್ರತಿ 40ನೇ ಹೆಸರಿನ ಮನೆಗೆ ಹೋಗಿ. ಅವರು ಗದ್ದೆಗೆ ಹೋಗಿದ್ದರೆ ಪಕ್ಕದ ಮನೆಯವರನ್ನು ಕೇಳಬೇಡಿ, ಸಂಜೆ ಮತ್ತೆ ಹೋಗಿ. ಹೆಂಗಸರ ಹೆಸರು ಬಂದಾಗ ಬಾಗಿಲಲ್ಲೇ ಗಂಡ ಉತ್ತರ ಹೇಳಲು ಶುರು ಮಾಡುತ್ತಾರೆ, ನಾನು ಸರ್ವೆ ಕೆಲಸಕ್ಕೆ ಹೋದಾಗ ಜಾಸ್ತಿ ಕಷ್ಟ ಆಗಿದ್ದು ಅಲ್ಲೇ. ನೀವು ಹೆಣ್ಣುಮಗಳು, ಒಳಗೆ ಕೂತು ಮಾತಾಡಬಹುದು, ಅದು ದೊಡ್ಡ ಅನುಕೂಲ.

ಲೆಕ್ಕದ ಮೇಷ್ಟ್ರು:
ಜಿಲ್ಲೆಗೆ 400 ಸಾಕು, ಇಡೀ ಜಿಲ್ಲೆಯ ನಿಜವಾದ ಅಂಕಿಗಿಂತ ನಿಮ್ಮ ಅಂಕಿ ಸುಮಾರು ಶೇ. 5 ಹೆಚ್ಚುಕಡಿಮೆ ಬರಬಹುದು, ಅಷ್ಟೇ. ಆದರೆ 7 ತಾಲ್ಲೂಕಿಗೆ ಹಂಚಿದರೆ ಒಂದಕ್ಕೆ 57 ಜನ, ಆಗ ಶೇ. 13ರಷ್ಟು ಅತ್ತಿತ್ತ. ಹಾಗಾಗಿ ನಾಗಮಂಗಲ ಹೀಗೆ, ಮಳವಳ್ಳಿ ಹಾಗೆ ಅಂತ ದಯವಿಟ್ಟು ಬರೆಯಬೇಡಿ. ಸೀಟು ನೋಡಿ ಜನರ ಮನಸ್ಸು ಇದೇ ಅನ್ನುವುದೂ ಬೇಡ. 2018ರಲ್ಲಿ ಶೇ. 38ರಷ್ಟು ಮತ ಬಂದ ಕಾಂಗ್ರೆಸ್‌ಗಿಂತ ಶೇ. 36 ಪಡೆದ ಬಿಜೆಪಿಗೆ ಸೀಟು ಜಾಸ್ತಿ ಬಂತು, 104. ಅದೇ ವರ್ಷ ಮಂಡ್ಯದ 7ಕ್ಕೆ 7 ಜೆಡಿಎಸ್ ಗೆದ್ದಿತು, 2023ರಲ್ಲಿ ಅದಕ್ಕೆ ಉಳಿದದ್ದು ಕೆ.ಆರ್. ಪೇಟೆ ಒಂದೇ. ಐದು ವರ್ಷದಲ್ಲಿ ಎಲ್ಲರ ಮನಸ್ಸೂ ಬದಲಾಯಿತು ಅಂತಲ್ಲ ಅಲ್ವಾ?

ವಿ.ಸಿ. ನಾಲೆ:
ತಂಗಿ, 'ಸರ್ಕಾರ' ಅನ್ನೋ ಪದವನ್ನೇ ಬಿಡು. ಅದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ಠಾಣೆ, ತಾಲ್ಲೂಕು ಕಚೇರಿ, ಪಂಚಾಯಿತಿ ಅಂತ ಬಿಡಿಬಿಡಿಯಾಗಿ ಕೇಳು, ಕಡೇ ಸಲ ಯಾವಾಗ ಹೋಗಿದ್ರಿ, ಕೆಲಸ ಆಯ್ತಾ ಅಂತಲೂ ಕೇಳು. ಯಾವ ಪಕ್ಷಕ್ಕೆ ಓಟು ಹಾಕಿದ್ರಿ ಅನ್ನೋದನ್ನು ಕೊನೆಗೆ ಇಡು, ಆಮೇಲೆ ಎರಡನ್ನೂ ಹೊಂದಿಸಿ ನೋಡಬಹುದು. ಭೇಟಿ ಮಾಡಿದ ತಾರೀಖು ಬರೆದುಕೊ. ನಾಲೇಲಿ ನೀರಿದ್ದಾಗ ಸಿಗೋ ಉತ್ತರವೇ ಬೇರೆ.

ಗಂಗೋತ್ರಿ ಹುಡುಗಿ:
ತುಂಬಾ ಥ್ಯಾಂಕ್ಸ್ ಅಣ್ಣ. ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಆ ಪ್ರಶ್ನೆ ತೆಗೆದುಬಿಡಲಾ?

ವಿ.ಸಿ. ನಾಲೆ:
ತೆಗೀಬೇಡ. 'ನಿಮ್ಮ ಭಾಗದ ಜಿಲ್ಲಾ ಪಂಚಾಯಿತಿ ಸದಸ್ಯರು ಯಾರು' ಅಂತ ಮೊದಲು ಕೇಳು, ನಂಬಿಕೆ ಪ್ರಶ್ನೆ ಆಮೇಲೆ. ಗೊತ್ತಿಲ್ಲ ಅಂದವರನ್ನೂ ಎಣಿಸು, ಅದೂ ಉತ್ತರವೇ.