ಬೈಲಕುಪ್ಪೆ ಗೋಲ್ಡನ್ ಟೆಂಪಲ್‌ಗೆ ಅತ್ತೆನ ಕರ್ಕೊಂಡು ಹೋಗ್ತಿದೀವಿ, ಅಲ್ಲಿ ಹೇಗೆ ನಡ್ಕೋಬೇಕು?

ಶಿರಾ_ಸೊಸೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮನೆಯವರೆಲ್ಲ ಕೊಡಗಿನ ಕಡೆ ಹೊರಟಿದೀವಿ, ನಾನು, ನಮ್ಮನೆಯವ್ರು, ಮಕ್ಕಳಿಬ್ಬರು (ಮಗಳಿಗೆ ಹನ್ನೊಂದು, ಮಗನಿಗೆ ಏಳು), ಜೊತೆಗೆ ನಮ್ಮತ್ತೆ. ಅತ್ತೆಗೆ ಎಪ್ಪತ್ತೆರಡು, ಮಂಡಿ ನೋವಿದೆ, ಆದ್ರೆ ದೇವಸ್ಥಾನ ಅಂದ್ರೆ ಎಷ್ಟು ದೂರ ಆದ್ರೂ ಸೈ ಅಂತಾರೆ. ಬೈಲಕುಪ್ಪೆಲಿ ಬುದ್ಧನ ದೇವಸ್ಥಾನ ಇದೆ, ಅಲ್ಲೂ ಇಳಿಯೋಣ ಅಂದಿದ್ದಕ್ಕೆ ಅವರು ಕೇಳಿದ ಮೊದಲ ಮಾತು "ಹಣ್ಣುಕಾಯಿ ತಗೊಂಡು ಹೋಗ್ಬಹುದೇನಮ್ಮ ಅಲ್ಲಿಗೆ?" ಅಂತ. ನನಗೆ ಉತ್ತರ ಗೊತ್ತಿರ್ಲಿಲ್ಲ.

ನಾನು ಡಿಗ್ರಿ ಓದುವಾಗ ಕಾಲೇಜ್ ಟ್ರಿಪ್‌ನಲ್ಲಿ ಒಂದ್ಸಲ ಹೋಗಿದ್ದೆ. ಬಸ್ಸಿಂದ ಇಳಿದವರೇ ಕಿರುಚಾಡ್ಕೊಂಡು ಒಳಗೆ ನುಗ್ಗಿ, ಅಷ್ಟು ದೊಡ್ಡ ಮೂರು ವಿಗ್ರಹಗಳಿಗೆ ಬೆನ್ನು ಹಾಕ್ಕೊಂಡು ಸಾಲಾಗಿ ನಿಂತು ಫೋಟೋ ತೆಗೆಸ್ಕೊಂಡ್ವಿ. ಒಬ್ಬ ಪುಟ್ಟ ಭಿಕ್ಷು, ಹತ್ತು ವರ್ಷ ಇರ್ಬಹುದು, ತುಟಿ ಮೇಲೆ ಬೆರಳಿಟ್ಟು ಸನ್ನೆ ಮಾಡಿದ, ನಮ್ಮವರು ಅವನ ಕೈನೇ ಹಿಡಿದೆಳೆದು ಮಧ್ಯ ನಿಲ್ಲಿಸ್ಕೊಂಡು ಇನ್ನೊಂದು ಫೋಟೋ ಹೊಡೆದ್ರು. ಆ ಹುಡುಗ ಬಿಡಿಸ್ಕೊಳ್ಳೋಕೂ ಆಗ್ದೆ ನೆಲ ನೋಡ್ತಾ ನಿಂತಿದ್ದು ಇವತ್ತಿಗೂ ಕಣ್ಣ ಮುಂದೆ ಇದೆ. ಈಗ ನನ್ನ ಮಗಳಿಗೆ ಅದೇ ವಯಸ್ಸು, ಅವಳ ಕೈಯನ್ನ ಯಾರಾದ್ರೂ ಹಾಗೆ ಎಳೆದ್ರೆ ನಾನು ಸುಮ್ನಿರ್ತೀನಾ?

ಅದಕ್ಕೇ ಈ ಸಲ ಗೊತ್ತಿದ್ದವರ ಹತ್ರ ಕೇಳ್ಕೊಂಡೇ ಹೋಗೋಣ ಅಂತ. ಪೂಜೆ ನಡೀತಿರುವಾಗ ನಮ್ಮಂಥವರು ಒಳಗೆ ಕೂರ್ಬಹುದಾ, ಪ್ರದಕ್ಷಿಣೆ ನಮಸ್ಕಾರ ಎಲ್ಲ ನಮ್ಮ ಥರಾನೇ ಮಾಡಿದ್ರೆ ನಡಿಯುತ್ತಾ, ಅತ್ತೆ ಕೆಳಗೆ ಕೂತ್ರೆ ಏಳೋದು ಕಷ್ಟ ಅದಕ್ಕೇನ್ ಮಾಡೋದು, ಆಮೇಲೆ ಅವರು ಈರುಳ್ಳಿನೂ ಮುಟ್ಟಲ್ಲ ಊಟಕ್ಕೆ ಏನು ದಾರಿ, ದಯವಿಟ್ಟು ತಿಳಿದವರು ಹೇಳಿ.

ಕೊಪ್ಪದವನು

ಅಕ್ಕ, ನಾನು ಕೊಪ್ಪದವನು, ಚಿಕ್ಕಮಗಳೂರಿನ ಕೊಪ್ಪ ಅಲ್ಲ, ಕುಶಾಲನಗರದ ಕಾವೇರಿ ಸೇತುವೆಯಿಂದ ಈಚೆಗಿರೋದು, ಅಂದ್ರೆ ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕು. ಗೋಲ್ಡನ್ ಟೆಂಪಲ್ ಕೊಡಗಲ್ಲಿದೆ ಅಂತ ಸುಮಾರು ಜನ ಅಂದ್ಕೊಂಡಿದಾರೆ, ಅದು ನಮ್ಮ ತಾಲ್ಲೂಕು. ಇಲ್ಲಿನ ಟಿಬೆಟ್ ನಿರಾಶ್ರಿತರ ಕ್ಯಾಂಪಿನ ಹುಡುಗರ ಜೊತೆ ಆಡ್ಕೊಂಡೇ ಬೆಳೆದವನು ನಾನು.

ಮೊದಲು ಒಂದು ವಿಷಯ. ನಾವೆಲ್ಲ ಗೋಲ್ಡನ್ ಟೆಂಪಲ್ ಅಂತೀವಿ, ಆದ್ರೆ ಅದು ನಾಮ್ಡ್ರೋಲಿಂಗ್ ಅನ್ನೋ ಮಠ. ಸಾವಿರಾರು ಭಿಕ್ಷುಗಳು, ಭಿಕ್ಷುಣಿಯರು ಓದೋ ಜಾಗ. ನೀವು ನೋಡಿದ ಆ ಪುಟ್ಟ ಭಿಕ್ಷುಗೆ ಅದೇ ಮನೆ ಅದೇ ಸ್ಕೂಲು. ನಮ್ಮ ಕಡೆ ಸಿದ್ಧಗಂಗೆಲಿ ಮಕ್ಕಳು ಓದ್ತಾರಲ್ಲ, ನಿಮಗೆ ತುಮಕೂರು ಜಿಲ್ಲೆಯವರಿಗೆ ಬೇರೆ ಹೇಳ್ಬೇಕಾಗಿಲ್ಲ, ಹಾಗೇ ಅಂದ್ಕೊಳಿ. ಸಂಜೆ ಪ್ರಾರ್ಥನೆ ಹೊತ್ತಲ್ಲಿ ಅಲ್ಲಿಗೆ ಹೋದ್ರೆ ನಾವು ಹೇಗಿರ್ತೀವಿ? ಅಷ್ಟು ನೆನಪಿಟ್ಕೊಂಡ್ರೆ ಮುಕ್ಕಾಲು ಪಾಲು ಪ್ರಶ್ನೆ ತಾನಾಗೇ ಹೋಗುತ್ತೆ.

1960-61ರಲ್ಲಿ ಟಿಬೆಟ್‌ನವರು ಇಲ್ಲಿಗೆ ಬಂದಾಗ ಇದೆಲ್ಲ ಬರೀ ಕಾಡು. ಆಗಿನ ಮೈಸೂರು ರಾಜ್ಯ ಸರ್ಕಾರ ಜಾಗ ಕೊಡ್ತು. ಕಾಡು ಕಡಿದು ಜೋಳ ಹಾಕಿದ್ರೆ ರಾತ್ರಿ ಆನೆ ಬಂದು ತುಳ್ಕೊಂಡು ಹೋಗೋದು, ಹಿಮದ ನಾಡಿಂದ ಬಂದವರಿಗೆ ನಮ್ಮ ಬಿಸಿಲು ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ ಅಂತ ನಮ್ಮ ತಾತ ಹೇಳ್ತಿದ್ರು. ಅಂಥದ್ರಲ್ಲಿ 1963ರಲ್ಲಿ ಟಿಬೆಟಿನ ಗುರು ಪೆನೊರ್ ರಿನ್‌ಪೋಚೆ ಅವರು ಬಿದಿರಿನಲ್ಲಿ ಒಂದು ಸಣ್ಣ ಗುಡಿ ಕಟ್ಟಿ ಶುರು ಮಾಡಿದ್ರು. ಈಗ ಎಲ್ಲರೂ ನೋಡೋಕೆ ಬರೋ ದೊಡ್ಡ ಮಂದಿರ ಇದೆಯಲ್ಲ, ಅದನ್ನ 1999ರಲ್ಲಿ ದಲೈ ಲಾಮಾ ಉದ್ಘಾಟನೆ ಮಾಡಿದ್ದು. ಮಧ್ಯ ಇರೋ ಶಾಕ್ಯಮುನಿ ಬುದ್ಧ 60 ಅಡಿ, ಅಕ್ಕಪಕ್ಕ ಟಿಬೆಟ್‌ನವರ ಗುರು ಪದ್ಮಸಂಭವ ಮತ್ತೆ ದೀರ್ಘಾಯುಷ್ಯದ ಬುದ್ಧ ಅಮಿತಾಯು ತಲಾ 58 ಅಡಿ, ತಾಮ್ರದ ಮೇಲೆ ಚಿನ್ನದ ಲೇಪ. ವಿಗ್ರಹದ ಒಳಗೆ ಗ್ರಂಥಗಳು, ಮಹಾತ್ಮರ ಅವಶೇಷಗಳು, ಮಣ್ಣಿನ ಪುಟ್ಟ ಪುಟ್ಟ ಸ್ತೂಪಗಳು ಇಟ್ಟಿದಾರೆ. ಎಲ್ಲರೂ ಮೇಲಿನ ಚಿನ್ನ ನೋಡಿ ಹೋಗ್ತಾರೆ, ಟಿಬೆಟ್‌ನವರು ಕೈ ಮುಗಿಯೋದು ಒಳಗಿರೋದಕ್ಕೂ ಸೇರಿಸಿ.

ಅತ್ತೆ ಕೇಳಿದ್ದಕ್ಕೆ ಬರ್ತೀನಿ. ಹಣ್ಣು ತಗೊಂಡು ಹೋಗಿ, ತಪ್ಪೇನಿಲ್ಲ, ಆದ್ರೆ ಅರ್ಚನೆ, ಮಂಗಳಾರತಿ ಅಂತ ಇರಲ್ಲ, ಕಾಯಿ ಒಡೆಯಲ್ಲ. ಅಲ್ಲಿರೋ ಭಿಕ್ಷುಗಳನ್ನ ಕೇಳಿ, ಎಲ್ಲಿ ಇಡ್ಬೇಕು ತೋರಿಸ್ತಾರೆ. ಅರಿಶಿನ ಕುಂಕುಮ ಮಾತ್ರ ಬ್ಯಾಗಲ್ಲೇ ಇರ್ಲಿ, ಭಕ್ತಿಯಿಂದ್ಲೇ ಗೋಡೆ ಚಿತ್ರಕ್ಕೆ ಹಚ್ಚಿಬಿಟ್ರೂ ಆ ಬಣ್ಣ ಹಾಳು. ಪ್ರದಕ್ಷಿಣೆ ನಮ್ಮ ಥರಾನೇ ಎಡದಿಂದ ಬಲಕ್ಕೆ, ಪ್ರಾರ್ಥನಾ ಚಕ್ರ ತಿರುಗಿಸೋದೂ ಹಾಗೇ. ಚಕ್ರದ ಒಳಗೆ ಮಂತ್ರ ಬರೆದ ಕಾಗದದ ಸುರುಳಿ ಇರುತ್ತೆ, ಒಂದು ಸುತ್ತು ತಿರುಗಿಸಿದ್ರೆ ಅಷ್ಟೂ ಮಂತ್ರ ಜಪಿಸಿದ ಹಾಗೆ ಅಂತ ಅವರ ನಂಬಿಕೆ. ಮಕ್ಕಳಿಗೆ ಮೊದಲೇ ಹೇಳಿಡಿ, ಬಗರಿ ಥರ ಜೋರಾಗಿ ಬೀಸೋದು ಬೇಡ, ಮೆಲ್ಲಗೆ.

ನಮಸ್ಕಾರ ಅವರದ್ದೂ ಸಾಷ್ಟಾಂಗಾನೇ. ಮುಗಿದ ಕೈನ ತಲೆಗೆ, ಗಂಟಲಿಗೆ, ಎದೆಗೆ ಮುಟ್ಟಿಸಿ ಆಮೇಲೆ ನೆಲಕ್ಕೆ ಬೀಳ್ತಾರೆ, ಮೂರು ಸಲ. ಕಾಯಾ ವಾಚಾ ಮನಸಾ ಅಂತೀವಲ್ಲ, ಅದೇ ಮೂರು. ಅತ್ತೆಗೆ ಮಂಡಿ ನೋವಿದ್ರೆ ನಿಂತೇ ಕೈ ಮುಗೀಲಿ, ಯಾರೂ ಏನೂ ಅನ್ನಲ್ಲ.

ಪೂಜೆ ನಡೀತಿದ್ರೆ ಕೂರೋದಕ್ಕೆ ಆಗುತ್ತಾ ಅಂತ ಅಲ್ಲೇ ಕೇಳಿ, ಬಿಟ್ರೆ ಹಿಂದೆ ಗೋಡೆ ಪಕ್ಕ ಕೂತ್ಕೊಳಿ, ಕಾಲು ವಿಗ್ರಹದ ಕಡೆ ಚಾಚಬೇಡಿ. ಭಿಕ್ಷುಗಳ ಮುಂದೆ ತಗ್ಗಿನ ಮೇಜಿನ ಮೇಲೆ ಉದ್ದುದ್ದ ಬಿಡಿ ಹಾಳೆಗಳ ಗ್ರಂಥ ಇರುತ್ತೆ, ಅದನ್ನ ದಾಟೋದು, ಮುಟ್ಟೋದು ಮಾಡ್ಬಾರ್ದು. ಮಕ್ಕಳು ಹಠ ಮಾಡಿದ್ರೆ ಹೊರಗೆ ಹುಲ್ಲಿನ ಮೇಲೆ ಬಿಡಿ, ನೀವು ಅತ್ತೆ ಅರ್ಧ ಗಂಟೆನಾದ್ರೂ ಒಳಗೆ ಕೂತಿರಿ. ಹತ್ತು ನಿಮಿಷದಲ್ಲಿ ನೋಡ್ಕೊಂಡು ದುಬಾರೆಗೆ ಓಡೋರೇ ಜಾಸ್ತಿ, ನನಗೆ ಅದು ನೋಡಿ ನೋಡಿ ಬೇಜಾರು.

ವೀಕೆಂಡ್_ಸವಾರ

ಭಾನುವಾರ ಮಾತ್ರ ಹೋಗ್ಬೇಡಿ ಮೇಡಂ, ಕಾಲಿಡೋಕೆ ಜಾಗ ಇರಲ್ಲ. ವಾರದ ದಿನ ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ. ಮೈಸೂರಿಂದ ಹೆಚ್ಚುಕಮ್ಮಿ 80 ಕಿಲೋಮೀಟರ್, ಬೇಗ ಹೊರಟ್ರೆ ಕಷ್ಟ ಇಲ್ಲ. ಒಳಗೆ ಹೋಗೋಕೆ ಟಿಕೆಟ್ ಇಲ್ಲ.

ಫೋಟೋ ವಿಷಯದಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಅಷ್ಟೆಲ್ಲ ಹೆದರ್ಬೇಕಾಗಿಲ್ಲ, ಭಿಕ್ಷುಗಳ ಕೈಲೂ ಮೊಬೈಲ್ ಇದೆ, ಅವರೂ ಒಬ್ಬರದ್ದೊಬ್ಬರು ತೆಗೀತಿರ್ತಾರೆ. ಅಷ್ಟು ಚೆನ್ನಾಗಿರೋ ಜಾಗಕ್ಕೆ ಹೋಗಿ ಅತ್ತೆ ಜೊತೆ ಒಂದು ಫೋಟೋ ಇಲ್ದೆ ಬಂದ್ರೆ ಆಮೇಲೆ ಕೊರಗ್ತೀರಿ.

ಕೊಪ್ಪದವನು

ಸವಾರರೇ, ಅತ್ತೆ ಜೊತೆ ಫೋಟೋ ಬೇಡ ಅಂತ ನಾನೂ ಅಂದಿಲ್ಲ. ಹೊರಗೆ ಅಂಗಳದಲ್ಲಿ ಎಷ್ಟು ಬೇಕಾದ್ರೂ ತೆಗೀರಿ. ಭಿಕ್ಷುಗಳ ಹತ್ರ ಮೊಬೈಲ್ ಇರೋದೂ ನಿಜ. ಆದ್ರೆ ಅವರು ತಮ್ಮ ಗೆಳೆಯನ ಫೋಟೋ ತೆಗೆಯೋದು ಬೇರೆ, ಕಣ್ಣು ಮುಚ್ಚಿ ಜಪ ಮಾಡ್ತಿರೋ ಅಜ್ಜಿ ಮುಖಕ್ಕೆ ಒಂದಡಿ ದೂರದಲ್ಲಿ ನಾವು ಕ್ಯಾಮೆರಾ ಹಿಡಿಯೋದು ಬೇರೆ. ನಿಮ್ಮ ತಾಯಿ ದೇವರ ಮನೇಲಿ ಕೂತಿರುವಾಗ ಗುರುತಿಲ್ದವರು ಹಾಗೆ ಮಾಡಿದ್ರೆ? ಕೇಳಿ ತೆಗೀರಿ, ಬೇಡ ಅಂದ್ರೆ ಬಿಡಿ, ಒಳಗೆ ಬೋರ್ಡಲ್ಲಿ ಏನು ಬರೆದಿದ್ಯೋ ಹಾಗೆ ನಡ್ಕೊಳ್ಳಿ.

ವೀಕೆಂಡ್_ಸವಾರ

ಸರಿ, ಅಜ್ಜಿ ವಿಷಯ ಒಪ್ಪಿದೆ. ನಾನೂ ಹಾಗೆ ದೂರದಿಂದ ಒಬ್ಬರ ಫೋಟೋ ತೆಗೆದಿದ್ದೆ, ಕೇಳಿರ್ಲಿಲ್ಲ. ಮುಂದೆ ಕೇಳ್ತೀನಿ.

ಕದ್ರಿ_ಗುಡ್ಡೆ

ಗೋಡೆ ಚಿತ್ರದ ವಿಷಯ ಬಂತಲ್ಲ, ಅದಕ್ಕೆ ಒಂದು ಮಾತು ಸೇರಿಸ್ತೇನೆ. ಕೆಲವು ಚಿತ್ರಗಳಲ್ಲಿ ಮೂರು ಕಣ್ಣು, ಕೋರೆಹಲ್ಲು, ರುಂಡಮಾಲೆ, ಸುತ್ತ ಬೆಂಕಿ ಇರ್ತದೆ. ನಾನು ಹೋದಾಗ ಪಕ್ಕದಲ್ಲಿದ್ದವರು ಮಕ್ಕಳಿಗೆ "ನೋಡು ರಾಕ್ಷಸ" ಅಂತ ತೋರಿಸ್ತಿದ್ರು. ಅದು ರಾಕ್ಷಸ ಅಲ್ಲ ಮಾರಾಯ್ರೆ, ಧರ್ಮಪಾಲರು, ಕಾಯುವವರು. ನಮ್ಮಲ್ಲಿ ಉಗ್ರನರಸಿಂಹ, ಭದ್ರಕಾಳಿ ಇಲ್ವಾ, ಹಾಗೆ. ಆ ಕೋಪ ಇರೋದು ನಮ್ಮೊಳಗಿನ ಅಜ್ಞಾನದ ಮೇಲೆ. ನಿಮ್ಮ ಮಗನಿಗೆ ಏಳು ವರ್ಷ ಅಂದ್ರಿ, ಹೆದರ್ಬಹುದು, ಇಷ್ಟು ಹೇಳಿ ಕರ್ಕೊಂಡು ಹೋಗಿ.

ಮತ್ತೆ ಅತ್ತೆಗೆ ಇದೆಲ್ಲ ಎಲ್ಲಿಯದೋ ದೂರದ ದೇವರು ಅನ್ನಿಸೋದು ಬೇಡ. ನಮ್ಮ ಮಂಗಳೂರಿನ ಕದ್ರಿ ಮಂಜುನಾಥನ ದೇವಸ್ಥಾನದಲ್ಲಿ ಕ್ರಿ.ಶ. 968ರ ಲೋಕೇಶ್ವರನ ಕಂಚಿನ ವಿಗ್ರಹ ಉಂಟು, ಆಳುಪ ರಾಜ ಕುಂದವರ್ಮನ ಕಾಲದ್ದು, ಶಾಸನವೂ ಅದರ ಪೀಠದಲ್ಲೇ ಉಂಟು. ಬೌದ್ಧರ ಕರುಣಾಮೂರ್ತಿ ಅವಲೋಕಿತೇಶ್ವರನೇ ಅದು ಅಂತ ತುಂಬ ವಿದ್ವಾಂಸರು ಹೇಳ್ತಾರೆ. ಬೈಲಕುಪ್ಪೆಲಿ ಎಲ್ಲ ಕಡೆ ಕೇಳುವ ಓಂ ಮಣಿ ಪದ್ಮೇ ಹೂಂ ಕೂಡ ಅವಲೋಕಿತೇಶ್ವರನ ಮಂತ್ರವೇ. ನನ್ನ ಅಜ್ಜಿ ಕದ್ರಿಯಲ್ಲಿ ದಿನಾ ಕೈ ಮುಗಿದ ದೇವರನ್ನೇ ಅಲ್ಲಿ ಇನ್ನೊಂದು ಹೆಸರಲ್ಲಿ ಜಪಿಸ್ತಿದ್ದಾರಲ್ಲ ಅಂತ ಗೊತ್ತಾದ ದಿನ ನಂಗೆ ಮೈ ಜುಮ್ಮಂದಿತ್ತು.

ಮುಂಡಗೋಡ_ಮಂದಿ

ನಮ್ಮ ಮುಂಡಗೋಡದಾಗೂ ಕ್ಯಾಂಪ್ ಐತ್ರಿ, ಡ್ರೆಪುಂಗ್, ಗಾದೆನ್ ಮಠ ಎರಡೂ ಇಲ್ಲೇ ಅದಾವ. ಈ ಕಡೆ ಬಂದ್ರ ನೋಡ್ರಿ, ಇಲ್ಲಿ ಅಷ್ಟ್ ಗದ್ದಲ ಇರಂಗಿಲ್ಲ.

ಬೈಲಕುಪ್ಪಿಗೆ ಹೋದವ್ರು ಗೋಲ್ಡನ್ ಟೆಂಪಲ್ ಅಷ್ಟ ನೋಡಿ ತಿರುಗಿ ಬರ್ತಾರ, ಅಲ್ಲೇ ಸೆರಾ ಮಠ ಐತಿ ಅನ್ನೋದು ಭಾಳ ಮಂದಿಗೆ ಗೊತ್ತಿಲ್ಲ. ಮೂಲ ಸೆರಾ ಟಿಬೆಟ್ಟಿನ ಲಾಸಾದಾಗ 1419ರಾಗ ಕಟ್ಟಿದ್ದು, ಅದನ್ನ ಕಳಕೊಂಡು ಬಂದು ಇಲ್ಲಿ ಮತ್ತ ಕಟ್ಯಾರ. ಅಲ್ಲಿ ಭಿಕ್ಷುಗಳು ಅಂಗಳದಾಗ ವಾದ ಮಾಡೋದು ಸಿಕ್ಕರ ನೋಡ್ರಿ. ಒಬ್ಬಾಂವ ಕುಂತಿರ್ತಾನ, ಇನ್ನೊಬ್ಬಾಂವ ನಿಂತು ಪ್ರಶ್ನಿ ಕೇಳಿ ಕಾಲು ಎತ್ತಿ ನೆಲಕ್ಕ ಹೊಡೆದು ಚಪ್ಪಾಳಿ ತಟ್ತಾನ, ಕುಂತಾಂವ ಉತ್ತರ ಕೊಡಬೇಕು. ಜಗಳ ಆಡಾಕತ್ತಾರ ಅಂತ ತಿಳೀಬ್ಯಾಡ್ರಿ, ಅದು ಅವರ ಓದು. ದೂರ ನಿಂತು ನೋಡ್ರಿ, ನಡುವ ಹಾದು ಹೋಗಬ್ಯಾಡ್ರಿ.

ಊಟದ ವಿಷಯ: ಕ್ಯಾಂಪಿನ ಹೋಟೆಲಿನಾಗ ವೆಜ್ ಮೊಮೊ, ವೆಜ್ ಥುಕ್ಪಾ (ನೂಡಲ್ಸ್ ಹಾಕಿದ ಸಾರು) ಸಿಗ್ತಾವ, ಖರೆ, ಆದ್ರ ಮಾಂಸದ್ದೂ ಅದೇ ಅಡಿಗಿ ಮನ್ಯಾಗ ಮಾಡ್ತಿರ್ತಾರ, ಉಳ್ಳಾಗಡ್ಡಿನೂ ಇರ್ತದ. ಅತ್ತಿಯವ್ರಿಗೆ ಮನಿಯಿಂದನ ಬುತ್ತಿ ಕಟ್ಕೊಂಡು ಒಯ್ಯೋದು ಛಲೋ. ಮಕ್ಕಳಿಗೆ ಮೊಮೊ ತಿನಸ್ರಿ. ಬೆಣ್ಣಿ ಚಹಾ ಕುಡಿಯೋದಾದ್ರ ಮೊದಲ ಹೇಳ್ತೀನಿ, ಅದರಾಗ ಉಪ್ಪು ಇರ್ತದ. ಚಹಾ ಅಂತ ತಿಳಕೊಂಡು ಕುಡಿದ್ರ ಬಾಯಿಗೆ ಹತ್ತಂಗಿಲ್ಲ, ತಿಳಿಸಾರು ಅಂತ ತಿಳಕೊಂಡು ಕುಡೀರಿ, ಭಾಳ ಛಲೋ ಅನ್ನಸ್ತದ.

ಅಂಗಡಿಯವ್ರಿಗೆ "ತಾಶಿ ದೆಲೆ" ಅಂತ ನಮಸ್ಕಾರ ಹೇಳ್ರಿ, ಅವರು ಕನ್ನಡದಾಗ ಮಾತಾಡ್ತಾರ.

ಶಿರಾ_ಸೊಸೆ

ಹೋಗಿ ಬಂದ್ವಿ. ಎಲ್ಲರಿಗೂ ಹೇಳಲೇಬೇಕು ಅಂತ ಬರೀತಿದೀನಿ.

ಮಂಗಳವಾರ ಬೆಳಿಗ್ಗೆ ಹೋಗಿದ್ವಿ. ಜನ ಕಮ್ಮಿ. ಪೂಜೆ ನಡೀತಿತ್ತು, ಬಾಗಿಲ ಹತ್ರ ಇದ್ದ ಭಿಕ್ಷುನ ಕೇಳಿದ್ದಕ್ಕೆ ಕೂರಿ ಅಂತ ಗೋಡೆ ಕಡೆ ತೋರಿಸಿದ್ರು, ಅತ್ತೆ ನೋವು ಹೇಳಿದ್ಮೇಲೆ ಎಲ್ಲಿಂದ್ಲೋ ಎರಡು ದಪ್ಪ ದಿಂಬಿನ ಥರದ್ದು ತಂದು ಒಂದರ ಮೇಲೊಂದು ಇಟ್ಟುಕೊಟ್ರು. ಶುರುವಲ್ಲಿ ಬರೀ ಗೊಣಗಿದ ಹಾಗೆ ಕೇಳ್ತಿತ್ತು, ಇದ್ದಕ್ಕಿದ್ದ ಹಾಗೆ ಆ ಉದ್ದ ಕಹಳೆ, ನಗಾರಿ ಎಲ್ಲ ಒಟ್ಟಿಗೆ ಶುರುವಾಯ್ತು ನೋಡಿ, ನೆಲ ಅದುರಿದ್ದು ಕೂತ ಜಾಗಕ್ಕೇ ಗೊತ್ತಾಗೋದು, ಮಗ ನನ್ನ ಸೆರಗು ಹಿಡ್ಕೊಂಡ. ಆಮೇಲೆ ಅದು ನಿಂತು, ಪುಟ್ಟ ಭಿಕ್ಷುಗಳು ದೊಡ್ಡ ಕೆಟಲ್ ಹೊತ್ಕೊಂಡು ಸಾಲಲ್ಲಿ ಟೀ ಹಾಕ್ಕೊಂಡು ಬಂದ್ರು, ಎರಡು ಕೈಲಿ ಎತ್ತೋಕಾಗದಷ್ಟು ಭಾರ, ಒಂದು ತೊಟ್ಟು ಕೆಳಗೆ ಚೆಲ್ಲಲಿಲ್ಲ. ನನ್ನ ಮಗಳು ಅವರನ್ನೇ ನೋಡ್ತಿದ್ಲು. ಮೊಬೈಲ್ ಕೇಳ್ಲೇ ಇಲ್ಲ.

ನಮ್ಮತ್ತೆ ಪಕ್ಕ ಒಬ್ಬರು ಟಿಬೆಟ್ ಅಜ್ಜಿ, ಪಟ್ಟೆ ಪಟ್ಟೆ ಏಪ್ರನ್ ಕಟ್ಕೊಂಡು ಜಪಮಾಲೆ ಎಣಿಸ್ತಾ ಕೂತಿದ್ರು. ಪೂಜೆ ಮುಗಿದ್ಮೇಲೆ ಅವರೇ ಕನ್ನಡದಲ್ಲಿ "ಮಂಡಿ ನೋವಾ? ನಂಗೂ" ಅಂದ್ರು. ಅಷ್ಟೇ ಸಾಕಾಯ್ತು, ಇಬ್ಬರೂ ಮುಕ್ಕಾಲು ಗಂಟೆ ಮಾತಾಡಿದ್ರು, ಯಾವ ಎಣ್ಣೆ ಹಚ್ತೀರಿ, ಎಷ್ಟು ಮಕ್ಕಳು, ಸೊಸೆ ನೋಡ್ಕೋತಾಳಾ ಅಂತೆಲ್ಲ. ಅತ್ತೆ ತಮ್ಮ ಬ್ಯಾಗಿಂದ ರುದ್ರಾಕ್ಷಿ ಮಾಲೆ ತೆಗೆದು ತೋರಿಸಿದ್ರು, ಅವರದ್ರಲ್ಲೂ 108 ಮಣಿ ಇದ್ರಲ್ಲೂ 108. ಹಣ್ಣಿನ ಚೀಲ ಭಿಕ್ಷು ಕೈಗೆ ಕೊಟ್ವಿ, ಅವರು ತಗೊಂಡು ಒಂದು ಬಾಳೆಹಣ್ಣು ಮಗನಿಗೆ ವಾಪಸ್ ಕೊಟ್ರು, ಅವನು ಎರಡೂ ಕೈ ಚಾಚಿ ಇಸ್ಕೊಂಡ. ನಾನು ಹೇಳ್ಕೊಟ್ಟಿರ್ಲಿಲ್ಲ.

ಒಂದೇ ಫೋಟೋ ತೆಗೆದಿದ್ದು, ಹೊರಗೆ ಮೆಟ್ಟಿಲ ಹತ್ರ, ಅಜ್ಜಿನ ಕೇಳಿ. ಅವರು ತಲೆ ಸರಿ ಮಾಡ್ಕೊಂಡು, ನಮ್ಮತ್ತೆ ಕೈ ಹಿಡ್ಕೊಂಡು ನಿಂತ್ರು.

ಕೊಪ್ಪದವನು

ಓದಿ ತುಂಬ ಖುಷಿಯಾಯ್ತು ಅಕ್ಕ. ಆ ಫೋಟೋ ಪ್ರಿಂಟ್ ಹಾಕಿಸಿ, ಇನ್ನೊಂದ್ಸಲ ಬರುವಾಗ ಆ ಅಜ್ಜಿಗೊಂದು ತಂದ್ಕೊಡಿ. ಅವರ ಹೊಸ ವರ್ಷ ಲೋಸರ್ ಫೆಬ್ರವರಿ ಇಲ್ಲ ಮಾರ್ಚಲ್ಲಿ ಬರುತ್ತೆ, ಆ ಸಮಯಕ್ಕೆ ಲಾಮಾ ಕುಣಿತಾನೂ ಇರುತ್ತೆ. ಜನ ಜಾಸ್ತಿ ಇರ್ತಾರೆ, ಅತ್ತೆಗೆ ಒಂದು ಮಡಚೋ ಸ್ಟೂಲ್ ತಗೊಂಡು ಬನ್ನಿ.