ಆಯಿಲ್ ಅಂಗಡಿ ಕಟ್ಟೆಯ ಬಿಟ್ಟಿ ಸಲಹೆಗಳು: ಯಾವುದು ನಿಜ?

ಪ್ರಶ್ನೆ (ಹಳೇಗಾಡಿ): 100 ಸಿಸಿ ಬೈಕು, ಕೈಪಿಡಿಯಲ್ಲಿ ಆಯಿಲ್ ದಪ್ಪ 10ಡಬ್ಲ್ಯೂ-30, ದರ್ಜೆ ಜೆಎಎಸ್‌ಒ ಎಂಎ (ಆಯಿಲ್‌ನಲ್ಲಿ ಮುಳುಗುವ ಕ್ಲಚ್ಚಿನ ಬೈಕುಗಳ ಜಪಾನಿ ಮಾನದಂಡ). ಅಂಗಡಿಯಲ್ಲಿ ಪಕ್ಕ ನಿಂತವರೆಲ್ಲ ಪಂಡಿತರು. ಒಬ್ಬರು ‘ನಮ್ಮ ಬಿಸಿಲಿಗೆ 20ಡಬ್ಲ್ಯೂ-50 ಹಾಕಿ’ ಅಂತಾರೆ, ಇನ್ನೊಬ್ಬರು ‘ಕಾರಿನ ಸಿಂಥೆಟಿಕ್ಕೇ ಬೆಸ್ಟು’ ಅಂತಾರೆ. ಯಾರನ್ನು ನಂಬೋದು?

ಉತ್ತರ (ಗೇರ್‌ಪೆಟ್ಟಿಗೆ): ಕಾರಿನದು ಬೇಡವೇ ಬೇಡ. ಬೈಕಿನಲ್ಲಿ ಎಂಜಿನ್, ಗೇರು, ಕ್ಲಚ್ ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. 0ಡಬ್ಲ್ಯೂ-20, 5ಡಬ್ಲ್ಯೂ-30 ಕಾರಿನ ಆಯಿಲ್‌ಗಳಲ್ಲಿ ಮೈಲೇಜಿಗೆಂದು ಘರ್ಷಣೆ ತಗ್ಗಿಸುವ ರಾಸಾಯನಿಕ ಸೇರಿಸುವುದು ಸಾಮಾನ್ಯ. ಅದರಿಂದ ಕ್ಲಚ್ ಪ್ಲೇಟು ಜಾರಬಹುದು. ಆಗ ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ. ಆಗಲೇ ಹಾಕಿಬಿಟ್ಟಿದ್ದರೆ ಪೂರ್ತಿ ಬಸಿದು ಎಂಎ ತುಂಬಿ, ಕೆಲವು ನೂರು ಕಿಲೋಮೀಟರ್ ಆದಮೇಲೆ ಮತ್ತೊಮ್ಮೆ ಬದಲಿಸಿ. ಎಂಬಿ ಎಂದಿರುವ ಡಬ್ಬಿ ಗೇರಿಲ್ಲದ ಸ್ಕೂಟರಿಗೆ. ಅದರ ಕ್ಲಚ್ ಒಣ.

ಉತ್ತರ (ಡಿಪ್‌ಸ್ಟಿಕ್): ಬಿಸಿಲಿನ ವಾದವೂ ಅರ್ಧಂಬರ್ಧ. ಡಬ್ಲ್ಯೂ ಮುಂಚಿನ ಅಂಕಿ ಚಳಿಯಲ್ಲಿ ಆಯಿಲ್ ಹರಿಯುವುದರದು, ಕೊನೆಯದು 100 ಡಿಗ್ರಿಯಲ್ಲಿ ಅಳೆದ ದಪ್ಪ. ಹೊರಗೆ 40 ಡಿಗ್ರಿ ಇದ್ದರೂ ಆ ಲೆಕ್ಕ ಬದಲಾಗದು. ವಿನಾಕಾರಣ ದಪ್ಪ ಹಾಕಿದರೆ ಬೆಳಗಿನ ಸ್ಟಾರ್ಟ್‌ನಲ್ಲಿ ಆಯಿಲ್ ಮೇಲೇರಲು ತಡ, ಮೈಲೇಜೂ ಖೋತಾ.

ಅಂದಹಾಗೆ, ಬಹಳ ಜನ ತಪ್ಪುವುದು ಆಯಿಲ್ ಮಟ್ಟದ ಅಳತೆಯಲ್ಲಿ. ಮೂರು ನಿಮಿಷ ಐಡಲ್, ಆಫ್ ಮಾಡಿ ಮೂರು ನಿಮಿಷ ಕಾಯಿರಿ, ಸೆಂಟರ್ ಸ್ಟ್ಯಾಂಡ್ ಹಾಕಿ. ಈ ಬಗೆಯ ಬಹುತೇಕ ಗಾಡಿಗಳಲ್ಲಿ ಆಯಿಲ್ ಅಳೆಯುವ ಕಡ್ಡಿಯನ್ನು (ಡಿಪ್‌ಸ್ಟಿಕ್) ತಿರುಪದೆ ಸುಮ್ಮನೆ ಇಳಿಸಿ ನೋಡಬೇಕು.

ಹಳೇಗಾಡಿ: ಲೀಟರ್ ಡಬ್ಬಿ ಪೂರ್ತಿ ಸುರಿಯಲೇ?

ಡಿಪ್‌ಸ್ಟಿಕ್: ಬೇಡ, ಆಯಿಲ್ ಬದಲಿಸುವಾಗ ಹಾಕಲು ಕೈಪಿಡಿಯಲ್ಲಿ ಕೊಟ್ಟಿರುವ ‘ಬದಲಾವಣೆ’ ಅಳತೆಯಷ್ಟೇ. ಹಳೇ ಆಯಿಲ್ ಬಸಿಯುವ ಡ್ರೇನ್ ಬೋಲ್ಟಿನ ವಾಷರ್ ಹೊಸದು ಹಾಕಿ.